ಬೇಸನ್ ಉಂಡಿ ಮತ್ತು ಪೆನಾಲ್ಟಿ ಬಾಗಿಲು

ಇಳಕಲ್ ಸೀರೆ, ಅದರ ಮೇಲೆ ಎರಡು ಸ್ವೆಟರು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮಗನ ಹಳೇ ಬೂಟು, ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ. ಐಸ್ ಹಾಕಿ ಆಟದ ರಿಂಕಿನಲ್ಲಿ, ಮಂಜುಗಡ್ಡೆಯ ಅಂಕಣದ ಪಕ್ಕ, ಹೀಗೆ ಕೂತಿರುತ್ತಿದ್ದ ಹೆಂಗಸು ಇಡೀ ಬೇ ಏರಿಯಾದಲ್ಲಿ ಒಬ್ಬರೇ ಇದ್ದಿರಬೇಕು. ಅವರೇ ಮೆಹಬೂಬಿ ಖಾಲಾ.

ಹುಬ್ಬಳ್ಳಿಯವರು. ನೆವಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆ. ಮಗ ಸಲೀಂ ಮತ್ತು ಸೊಸೆ ಇಬ್ಬರಿಗೂ ಡಾಟ್‌ಕಾಂ ಕೆಲಸ. ಭಾನುವಾರವೂ ಆಫೀಸೇ ಮನೆ. ಹಾಗಾಗಿ ಅವರ ಮಗ ಇಮ್ರಾನನನ್ನೂ ನನ್ನ ಮಗ ಚೇತನನನ್ನೂ ಬೆಳಗಿನ ಆರಕ್ಕೆ ಸೇತುವೆ ದಾಟಿಸಿ ಸ್ಯಾನ್ ಮಟಿಯೋಗೆ ಕರೆದೊಯ್ಯುವ ಶಿಕ್ಷೆ ನನ್ನದಾಯಿತು. ಜೊತೆಗೆ ಖಾಲಾ. ಮಕ್ಕಳ ಲೀಗಿನಲ್ಲಿ ಮನೆಗೊಬ್ಬರು ಏನಾದರೂ ಕೆಲಸ ಮಾಡಲೇಬೇಕಿತ್ತು. ಸ್ಕೋರು ಬರೆಯಲು ಖಾಲಾಗೆ ಇಂಗ್ಲಿಷ್ ಬಾರದು, ಗಡಿಯಾರದ ಗುಂಡಿಗಳೆಂದರೆ ಭಯ. ಕೊನೆಗೆ ಉಳಿದದ್ದು ಬಾಗಿಲು ಕಾಯುವ ಕೆಲಸ. ತಪ್ಪು ಮಾಡಿದ ಆಟಗಾರ ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಅವನ ತಂಡಕ್ಕೆ ಒಬ್ಬ ಕಡಿಮೆ. ಅವನು ಕೂರುವ ಪೆನಾಲ್ಟಿ ಬಾಕ್ಸಿಗೆ ಒಂದು ಬಾಗಿಲು. ಬಂದಾಗ ತೆಗೆಯುವುದು, ಸಮಯ ಮುಗಿದಾಗ ಮತ್ತೆ ತೆಗೆಯುವುದು. ಖಾಲಾಗೆ ಸಿಕ್ಕಿದ್ದು ಎದುರು ತಂಡದವರ ಬಾಗಿಲು.

ಮೊದಲ ದಿನವೇ ನೋಡಿದೆ. ನಮ್ಮ ಹುಡುಗನನ್ನು ಕೆಡವಿ ಬಂದ ಆ ಪುಂಡನ ಬಾಯಿಗೆ ಖಾಲಾ ಬೇಸನ್ ಉಂಡಿ, ಅದೇ ಕಡಲೆಹಿಟ್ಟಿನ ಲಾಡು, ತುರುಕುತ್ತಿದ್ದಾರೆ! ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

"ಖಾಲಾ, ಅವನು ಶಿಕ್ಷೆಗೆ ಬಂದಿರೋದು, ನೆಂಟಸ್ತನಕ್ಕಲ್ಲ!"

"ಶಿಕ್ಷೆ ಆ ಸೀಟಿ ಊದಾಂವ ಕೊಟ್ಟಾನ ತಮ್ಮಾ. ನನ್ನ ಬಾಗಲಿಗೆ ಬಂದ ಕೂಸಿನ್ನ ಬರೇ ಬಾಯಿಲೆ ಹೆಂಗ ಕಳಸ್ಲಿ?"

ಎದುರಾಳಿಗಳ ಮಕ್ಕಳು ನಗುನಗುತ್ತಾ ಜೈಲಿಗೆ ಬರತೊಡಗಿದರು. ನಮ್ಮ ಮಕ್ಕಳು ಮುಖ ಊದಿಸಿಕೊಂಡರು. ಹಿಂತಿರುಗುವಾಗ ಕಾರಿನಲ್ಲಿ ಅವರಿಗೂ ಉಂಡಿಯೇ. ಫ್ರೀವೇ ಬಂತು, ಬೇಗ ತಿನ್ನಿ ಎಂದು ನಾನು ಗದರಿದರೆ ನನಗೇ ಬೈಗುಳ. "ಬಾಯಾಗ ತುತ್ತು ಇದ್ದಾಗ ಅವಸರ ಮಾಡಬಾರ್ದು, ಎಬ್ಬಸಬಾರ್ದು. ನಿಮ್ಮ ಮೈಸೂರಾಗ ಇಷ್ಟೂ ಹೇಳಿ ಕೊಟ್ಟಿಲ್ಲೇನು?"

ಆ ಸೀಸನ್ನಿನಲ್ಲಿ ಕೊನೆಯ ಪಂದ್ಯದವರೆಗೆ ನಮ್ಮ ತಂಡ ಆಡಿದ್ದನ್ನೆಲ್ಲ ಸೋತಿತ್ತು. ಗೋಲ್‌ಕೀಪರ್ ನನ್ನ ಮಗನೇ. ಪ್ರತಿ ಗೋಲೂ ತನ್ನದೇ ತಪ್ಪೆಂದು ಅವನು ಊಟ ಬಿಡುತ್ತಿದ್ದ. ಕೊನೆಯ ಪಂದ್ಯದ ಬೆಳಿಗ್ಗೆ, "ಇಫ್ ವಿ ಲೂಸ್ ಟುಡೇ, ಐಯಾಮ್ ಡನ್, ಅಪ್ಪಾ," ಅಂದ.

ಕೊನೆಯ ಐದು ನಿಮಿಷ. ಎರಡು–ಎರಡು ಸಮ. ಅವರ ತಂಡದ ಉದ್ದನೆಯ ಹುಡುಗ, ಆ ಎರಡೂ ಗೋಲು ಹೊಡೆದವನು, ಪೆನಾಲ್ಟಿಗೆ ಬಂದು ಕೂತ. ಡಬ್ಬಿ ತೆರೆಯಿತು. ಎರಡು ನಿಮಿಷ ಮುಗಿಯಿತು, ಹುಡುಗ ಎದ್ದ. ಬಾಯಿ ತುಂಬ ಉಂಡಿ. ಖಾಲಾ ಅವನ ಹೆಗಲು ಒತ್ತಿ ಕೂರಿಸಿದರು. ಬಾಗಿಲು ತೆರೆಯಲಿಲ್ಲ. ಬೇಸನ್ ಉಂಡಿ ಅಂಗುಳಕ್ಕೆ ಅಂಟಿದರೆ ಸುಲಭಕ್ಕೆ ಇಳಿಯುತ್ತದೆಯೇ? ಅಷ್ಟರಲ್ಲಿ ನಮ್ಮ ಇಮ್ರಾನ್ ಗೋಲು ಹೊಡೆದೇಬಿಟ್ಟ!

ನಾವು ಕುಣಿದೆವು. ಅವರ ಕೋಚು ಕಿರುಚಾಡಿದ. ರೆಫರಿ ಬಂದು, ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಕೇಳಿ ಹೇಳುವಂತೆ ನನ್ನನ್ನೇ ಕರೆದ.

"ಬಾಗಲಾ ನಾನ ತಗೀಲಿಲ್ಲ. ಕೂಸು ತಿನ್ನಾಕತ್ತಿತ್ತು," ಎಂದರು ಖಾಲಾ.

ಆಚೆ ತುದಿಯಲ್ಲಿ ಮಾಸ್ಕು ಎತ್ತಿಕೊಂಡು ಚೇತನ್ ನನ್ನನ್ನೇ ನೋಡುತ್ತಿದ್ದ. ಚಿಲಕ ಸಿಕ್ಕಿಹಾಕಿಕೊಂಡಿತ್ತಂತೆ ಎಂದು ರೆಫರಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಹೌದು, ಸುಳ್ಳೇ ಹೇಳಿದೆ.

ಖಾಲಾಗೆ ಭಾಷೆ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. ಬಾಗಿಲನ್ನು ಎರಡು ಸಲ ಸಲೀಸಾಗಿ ತೆಗೆದು ಮುಚ್ಚಿ ತೋರಿಸಿದರು. "ನೋ. ಉಂಡಿ," ಎಂದು ಹುಡುಗನ ಬಾಯಿ ತೋರಿಸಿ, ರೆಫರಿಯ ಕೈಗೂ ಒಂದು ಇಟ್ಟರು. ಅವನು ತಿಂದ. ಆಮೇಲೆ ಗೋಲು ರದ್ದು ಮಾಡಿದ.

ಪಂದ್ಯ ಸಮವಾಗಿಯೇ ಮುಗಿಯಿತು. ನಾನು ಸಿಟ್ಟಿನಿಂದ ಖಾಲಾ ಜೊತೆ ಮಾತು ಬಿಟ್ಟು ಕಾರಿನತ್ತ ನಡೆದೆ. ಚೇತನ್ ಹಿಂದಿನಿಂದ ಓಡಿ ಬಂದ. "ಅಪ್ಪಾ, ವಿ ಡಿಡಂಟ್ ಲೂಸ್!" ಆ ದಿನ ಕಾರಿನಲ್ಲಿ ಅವನು ನಾಲ್ಕು ಉಂಡಿ ತಿಂದ. ಖಾಲಾ ನನಗೂ ಒಂದು ಕೊಟ್ಟರು. ನಾಚಿಕೆಯಾಗುತ್ತಿತ್ತು, ಆದರೂ ತಿಂದೆ.

ಮುಂದಿನ ವರ್ಷ ಡಾಟ್‌ಕಾಂ ಗುಳ್ಳೆ ಒಡೆಯಿತು. ಸಲೀಂನ ಕಂಪನಿ ಮುಚ್ಚಿತು, ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಬೆಳಿಗ್ಗೆ ಖಾಲಾ ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಿದ್ದರು. ಸಲೀಂ ಓಡುತ್ತಾ ಮೇಲೆ ಬಂದ. "ಸರ್, ಲೇಟಾತು, ಫ್ಲೈಟು ತಪ್ಪತೈತಿ. ಸ್ವಲ್ಪ ಎಬ್ಬಸ್ರೀ ಅವರ್ನ."

ಚೇತನ್ ಹೋಗಿ ಬಾಗಿಲಿಗೆ ಅಡ್ಡ ನಿಂತ. ಗೋಲಿನ ಮುಂದೆ ನಿಲ್ಲುವ ಹಾಗೆಯೇ ಕಾಲಗಲಿಸಿ, ಕೈ ಚಾಚಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗ ಅವನು.

"ಬಾಯಾಗ ತುತ್ತು ಐತಿ, ಅಂಕಲ್. ಎಬ್ಬಸಬಾರ್ದು."

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಟ್ಟೆಯನ್ನು ನನ್ನ ಹೆಂಡತಿಯ ಕಡೆ ಸರಿಸಿ, "ಇನ್ನೊಂದು ಹಾಕವಾ," ಎಂದರು.

ಫ್ಲೈಟು ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.