ಒಂದೇ ಪ್ರತಿ ಬರುತ್ತಿದ್ದ ಸಂಜೆ ಪತ್ರಿಕೆ

ಕಳೆದ ವಾರ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಪೋಸ್ಟರ್ ಅಂಟಿಸುವ ಇಬ್ಬರು ಹಳೇ ಡಬ್ಬದಲ್ಲಿ ಮೈದಾ ಕುದಿಸುತ್ತ ಕೂತಿದ್ದರು. ತರಕಾರಿ ಚೀಲ ಹಿಡಿದು ಬರುತ್ತಿದ್ದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಹಸಿ ಹಿಟ್ಟಿನ, ಸ್ವಲ್ಪ ಹುಳಿ ಬಂದಂಥ ವಾಸನೆ. ವಾಚ್‌ಮನ್ "ಆಂಟೀ, ತಬಿಯತ್ ಠೀಕ್ ಹೈ ನಾ?" ಎಂದು ಕೇಳಿದ. ಠೀಕ್ ಎಂದೆ. ಮನೆಗೆ ಬಂದು ಚೀಲ ಇಳಿಸಿದ ಮೇಲೆ ಅಳು ಬಂತು. ಎಪ್ಪತ್ತು ದಾಟಿದ ಹೆಂಗಸು ಅಂಟಿನ ವಾಸನೆಗೆ ಅತ್ತಳೆಂದು ತಿಳಿದರೆ ಸೊಸೆ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಅದಕ್ಕೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ವಾಸನೆಯೊಳಗೆ ನಾನು ನಾಲ್ಕು ವರ್ಷ ದುಡಿದಿದ್ದೇನೆ. ಬೈಕುಲ್ಲಾ ಮಾರ್ಕೆಟಿನ ಹಿಂದೆ ಒಂದು ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಪತ್ರಿಕೆ ಕತ್ತರಿಸುವ ಆಫೀಸಿತ್ತು. ಇದೂ ಒಂದು ಕೆಲಸವೇ ಎಂದು ಈಗಿನವರು ನಕ್ಕಾರು. ಕಂಪನಿಗಳು, ಸಿನಿಮಾದವರು, ಪರದೇಶದ ಕಚೇರಿಗಳು, ತಮಗೆ ಬೇಕಾದ ವಿಷಯ ಯಾವ ಪತ್ರಿಕೆಯಲ್ಲಿ ಬಂದರೂ ಕತ್ತರಿಸಿ ಕಳಿಸಿ ಎಂದು ನಮ್ಮ ಸೇಠನಿಗೆ ಹೇಳಿರುತ್ತಿದ್ದರು. ಅವರಿಗೆ ನಮ್ಮಲ್ಲಿ ಹೆಸರಿಲ್ಲ, ಬರೀ ನಂಬರು. ಹನ್ನೆರಡನೇ ಪಾರ್ಟಿ, ಇಪ್ಪತ್ತನೇ ಪಾರ್ಟಿ... ನಾವು ಆರು ಜನ ಉದ್ದನೆಯ ಮೇಜಿನ ಮುಂದೆ ಕೂತು ಸುದ್ದಿ ಹುಡುಕಿ, ಸ್ಟೀಲ್ ಪಟ್ಟಿ ಇಟ್ಟು ಬ್ಲೇಡಿನಿಂದ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಪತ್ರಿಕೆಯ ಹೆಸರು, ತಾರೀಖು, ಕತ್ತರಿಸಿದವರ ಗುರುತು ಹಾಕುತ್ತಿದ್ದೆವು. ನನ್ನ ಗುರುತು ಒಂದು ಸಣ್ಣ ಚಕ್ರ.

ಆ ಕೆಲಸ ಕಲಿಸಿದವರನ್ನು ನಾವೆಲ್ಲ ಮಾಸ್ತರು ಎನ್ನುತ್ತಿದ್ದೆವು. ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಸ್ತರ್ ಇರುವುದಿಲ್ಲವೇ, ಹಾಗೆ ತಮಾಷೆಗೆ ಶುರುವಾದದ್ದು ಖಾಯಂ ಆಗಿಹೋಯಿತು. ಉಡುಪಿ ಕಡೆಯವರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಲೇ ಓದು ಕಲಿತು, ಕನ್ನಡ, ಮರಾಠಿ, ಇಂಗ್ಲಿಷು ಮೂರನ್ನೂ ನೀರು ಕುಡಿದಂತೆ ಓದುತ್ತಿದ್ದರು. ಮದುವೆ ಆಗಿರಲಿಲ್ಲ. ವಿಕ್ರೋಳಿಯ ಚಾಳಿನಲ್ಲಿ ತಾವು, ತಮ್ಮ ಇಬ್ಬರೇ. ತಾಯಿ ತೀರಿದಾಗ ತಮ್ಮನಿಗೆ ನಾಲ್ಕು ವರ್ಷವಂತೆ. ಅವನನ್ನು ಸಾಕಿದವರು ಇವರೇ. ಮಾತು ಎಲ್ಲಿಂದ ಹೊರಟರೂ ಕೊನೆಗೆ ಆ ತಮ್ಮನ ಹತ್ತಿರ ಬಂದು ನಿಲ್ಲುತ್ತಿತ್ತು. ಅವನಿಗೆ ಬಂಗುಡೆ ಇಷ್ಟ, ಅವನಿಗೆ ಶೀತ, ಅವನು ಡಬ್ಬ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಯೂನಿಯನ್ ಗಿನಿಯನ್ ಎಂದು ಓಡಾಡುತ್ತಾನೆ, ಹೇಳಿದರೆ ಕೇಳುವುದಿಲ್ಲ. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು.

ನನಗೆ ಅವರು ಹೇಳಿಕೊಟ್ಟ ಮೊದಲ ಪಾಠ ಇದು. "ಹಿಂದೆ ಎಂತ ಉಂಟು ನೋಡದೆ ಬ್ಲೇಡ್ ಹಾಕ್ಬೇಡ ಮಾರಾಯ್ತಿ." ಹಾಳೆಗೆ ಎರಡು ಮುಖ. ಈ ಬದಿಯ ಸುದ್ದಿ ಕತ್ತರಿಸಿದರೆ ಆ ಬದಿಯದು ಹಾಳು. ದೊಡ್ಡ ಪತ್ರಿಕೆಗಳಾದರೆ ಸೇಠ ಎರಡೆರಡು ಪ್ರತಿ ತರಿಸುತ್ತಿದ್ದ, ಒಂದೊಂದು ಬದಿಗೆ ಒಂದೊಂದು. ಸಣ್ಣಪುಟ್ಟವಕ್ಕೆ ಒಂದೇ ಪ್ರತಿ. ಆಗ ತಿರುಗಿಸಿ ನೋಡಬೇಕು, ಹಿಂದೆ ಬೇರೆ ಪಾರ್ಟಿಯ ಸುದ್ದಿ ಇಲ್ಲದಿದ್ದರೆ ಮಾತ್ರ ಕತ್ತರಿಸಬೇಕು. ಉಳಿದದ್ದೆಲ್ಲ ಶನಿವಾರ ರದ್ದಿಗೆ.

ಮೂವತ್ತೊಂದನೇ ಪಾರ್ಟಿ ಬಂದದ್ದು ನಾನು ಸೇರಿದ ಮೂರನೇ ವರ್ಷ. ಅವರಿಗೆ ಬೇಕಾಗಿದ್ದದ್ದು ಒಬ್ಬನೇ ಮನುಷ್ಯನ ಸುದ್ದಿ. ರಷ್ಯದ ಒಬ್ಬ ಗಣಿತದ ಪ್ರೊಫೆಸರು. ತನ್ನ ಸರಕಾರದ ವಿರುದ್ಧ ಕಾಗದ ಬರೆದು ಪರದೇಶದ ಪತ್ರಿಕೆಗಳಿಗೆ ತಲುಪಿಸುತ್ತಿದ್ದವನು. ಅವನ ಮನೆಯ ಮೆಟ್ಟಿಲ ಮೇಲೆ ಯಾರೋ ತಲೆಗೆ ಹೊಡೆದಿದ್ದರು. ಆಸ್ಪತ್ರೆಯಲ್ಲಿದ್ದ. ಈ ಸುದ್ದಿ ಬೇಕೆಂದವರು ರಷ್ಯದವರೋ, ಅಮೆರಿಕದವರೋ ನಮಗೆ ಕೊನೆಗೂ ತಿಳಿಯಲಿಲ್ಲ. ಕೇಳಿದ್ದಕ್ಕೆ ಸೇಠ, "ಪಾರ್ಟಿ ಕಾ ನಾಮ್ ನಹೀ ಪೂಛನೇ ಕಾ, ಸಿರ್ಫ್ ಕಾಟನೇ ಕಾ" ಎಂದ. ಹೆಸರು ಕೇಳಬಾರದು, ಬರೀ ಕತ್ತರಿಸಬೇಕು.

ಓದದೆ ಕತ್ತರಿಸುವುದು ಅಲ್ಲಿನ ರೂಢಿ. ಆದರೆ ಈ ಪ್ರೊಫೆಸರನನ್ನು ನಾನೂ ಮಾಸ್ತರೂ ಓದತೊಡಗಿದೆವು. ಒಂದು ಪತ್ರಿಕೆ ಪುಂಡರು ಹೊಡೆದರು ಎಂದಿತು. ಇನ್ನೊಂದು ಗುಪ್ತ ಪೊಲೀಸರೇ ಹೊಡೆಸಿದ್ದು ಎಂದಿತು. ಮತ್ತೊಂದರಲ್ಲಿ ಅವನು ಕುಡಿದು ಜಾರಿ ಬಿದ್ದ ಎಂದಿತ್ತು. ಹೆಸರು ಗಳಿಸಲು ತಾನೇ ಹೊಡೆಸಿಕೊಂಡಿದ್ದಾನೆ ಎಂದು ಬರೆದ ಮಹಾನುಭಾವರೂ ಇದ್ದರು. "ತಿಳಿದುಬಂದಿದೆ", "ನಂಬಲಾಗಿದೆ", "ಹೆಸರು ಹೇಳಲಿಚ್ಛಿಸದ ಒಬ್ಬರು"... ಮಾಸ್ತರು ಊಟದ ಹೊತ್ತಿಗೆ ಆ ಹಾಳೆಗಳನ್ನೆಲ್ಲ ಸಾಲಾಗಿ ಹರಡಿ, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಯಾವುದಕ್ಕೆ ಯಾವುದು ತಾಳೆಯಾಗುತ್ತದೆ ಎಂದು ನೋಡುತ್ತಿದ್ದರು. "ಇಷ್ಟರೊಳಗೆ ಎಲ್ಲೋ ಒಂದು ಕಡೆ ಸತ್ಯ ಉಂಟು" ಎನ್ನುತ್ತಿದ್ದರು. ನನಗೂ ಆ ಹುಚ್ಚು ಹತ್ತಿತು. ಧಾರಾವಿಯ ನಮ್ಮ ಖೋಲಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಪ್ರೊಫೆಸರನ ಕತೆ ಹೇಳಿದೆ. ಅವ್ವ ನನ್ನ ಮುಖ ನೋಡಿ, "ಯಾವ ಊರಾಂವೋ ಏನೋ, ಅವಗ ಹೊಡದ್ರ ನಿನಗ್ಯಾಕ ಬ್ಯಾನಿ?" ಎಂದಳು. ನಿಜಕ್ಕೂ ನನಗೆ ಬೇನೆಯಾಗುತ್ತಿತ್ತು. ನನ್ನ ಚಾಳಿನಲ್ಲಿ ಯಾರಿಗೆ ಏನಾಯಿತೆಂದು ಗೊತ್ತಿಲ್ಲದ ನಾನು ಅವನ ತಲೆಯ ಗಾಯಕ್ಕೆ ಎಷ್ಟು ಹೊಲಿಗೆ ಎಂದು ಬಲ್ಲವಳಾಗಿದ್ದೆ.

ಆ ವರ್ಷ ಮಳೆಗಾಲ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಮಾಸ್ತರು ಬರಲಿಲ್ಲ. ಅವರ ತಮ್ಮ ವಿಕ್ರೋಳಿ ಸ್ಟೇಷನ್ನಿನ ಹತ್ತಿರ ರಕ್ತದಲ್ಲಿ ಬಿದ್ದಿದ್ದನಂತೆ. ಆಸ್ಪತ್ರೆಗೆ ಸೇರಿಸಿದ್ದರು, ಪ್ರಜ್ಞೆ ಇರಲಿಲ್ಲ. ಕಾರ್ಖಾನೆಯಲ್ಲಿ ಎರಡು ಯೂನಿಯನ್, ಇವನದು ಮಾಲೀಕನಿಗೆ ಬೇಡದ್ದು. ಮೊದಲೇ ಬೆದರಿಕೆ ಇತ್ತು. ಪೊಲೀಸರು ಮಾತ್ರ ಕುಡಿದು ಲೋಕಲ್ ರೈಲಿನಿಂದ ಬಿದ್ದಿದ್ದಾನೆ ಎಂದು ಬರೆದುಕೊಂಡರು. ಆ ಹುಡುಗ ಬೀಡಿ ಕೂಡ ಸೇದುತ್ತಿರಲಿಲ್ಲ. ನಾವು ಕತ್ತರಿಸುವ ಪತ್ರಿಕೆಗಳಲ್ಲೂ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಒಂದರಲ್ಲಿ ಜೂಜಿನ ಜಗಳ, ಇನ್ನೊಂದರಲ್ಲಿ ಹೆಣ್ಣಿನ ವಿಷಯ, ಮತ್ತೊಂದರಲ್ಲಿ ಲೋಕಲ್‌ನಿಂದ ಬಿದ್ದದ್ದು. ಅದೇ "ತಿಳಿದುಬಂದಿದೆ", ಅದೇ "ನಂಬಲಾಗಿದೆ". ರಷ್ಯದಿಂದ ಬೈಕುಲ್ಲಾದವರೆಗೆ ಸುಳ್ಳಿಗೆ ಒಂದೇ ಪಾಠಶಾಲೆ ಎಂದು ನನಗೆ ಸಿಟ್ಟು ಬಂತು. ಒಂಬತ್ತು ದಿನ ಇದ್ದು ಆ ತಮ್ಮ ಕಣ್ಣು ತೆರೆಯದೆಯೇ ಹೋದ.

ಮಾಸ್ತರು ಮತ್ತೆ ಕೆಲಸಕ್ಕೆ ಬಂದರು. ಗಡ್ಡ ಬೆಳೆದಿತ್ತು. ಒಂದೇ ಮಾತು ಹಿಡಿದಿದ್ದರು. "ಕೊಂದವರಿಗೆ ಶಿಕ್ಷೆ ಆಗ್ಲಿಕ್ಕಿಲ್ಲ, ಅದು ನಂಗೆ ಗೊತ್ತುಂಟು. ಕುಡಿದು ಬಿದ್ದ ಅಂತ ಬರ್ದಿದ್ದಾರಲ್ಲ, ಅದೊಂದು ಹೋಗ್ಬೇಕು." ಅದಕ್ಕಾಗಿ ಪೊಲೀಸ್ ಚೌಕಿ, ವಕೀಲರ ಮನೆ ಎಂದು ಅಲೆಯುತ್ತಿದ್ದರು. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಮೂವತ್ತೊಂದನೇ ಪಾರ್ಟಿಯೂ ಇನ್ನು ಸುದ್ದಿ ಬೇಡ ಎಂದು ಹೇಳಿ ಕಳಿಸಿತು. ಅವರಿಗೆ ಹೋಗಬೇಕಿದ್ದ ಕೊನೆಯ ಕಟ್ಟು ಗೂಡಿನಲ್ಲೇ ಉಳಿಯಿತು.

ಒಂದು ದಿನ ವಕೀಲರು ಮಾಸ್ತರಿಗೆ ಹೇಳಿದರಂತೆ. ಆ ತಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ಸಣ್ಣ ಮರಾಠಿ ಸಂಜೆ ಪತ್ರಿಕೆಯಲ್ಲಿ ಸ್ಟೇಷನ್ನಿನ ಹೊರಗೆ ಶೇಂಗಾ ಮಾರುವವನ ಮಾತು ಬಂದಿತ್ತು, ಅವನು ಎಲ್ಲ ಕಣ್ಣಾರೆ ಕಂಡಿದ್ದ, ಹೊಡೆದವರು ಬಂದ ಟೆಂಪೋದ ನಂಬರು ಕೂಡ ಹೇಳಿದ್ದ. ಆ ತುಂಡು ತಂದರೆ ಕೇಸು ಮತ್ತೆ ತೆರೆಸಲು ನೋಡಬಹುದು. ಶೇಂಗಾ ಮಾರುವವನು ಹೆದರಿ ಊರು ಬಿಟ್ಟಿದ್ದ. ಆ ಪತ್ರಿಕೆಗೆ ಬೀಗ ಬಿದ್ದು ಕಡತಗಳನ್ನು ಪೊಲೀಸರು ಒಯ್ದಿದ್ದರು. ಬರೆದವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಆದರೆ ಆ ಪತ್ರಿಕೆ ನಮ್ಮ ಆಫೀಸಿಗೆ ಬರುತ್ತಿತ್ತು! ಮಾಸ್ತರು ಮೆಟ್ಟಿಲು ಹತ್ತಿ ಬಂದ ರಭಸ ಈಗಲೂ ಕಿವಿಯಲ್ಲಿದೆ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಜೀವ ಕಂಡಿದ್ದೆ.

ಬರುತ್ತಿದ್ದುದು ಒಂದೇ ಪ್ರತಿ. ಉಳಿದ ಹಾಳೆಗಳೆಲ್ಲ ಎಂದೋ ರದ್ದಿಗೆ ಹೋಗಿದ್ದವು. ಮಾಸ್ತರು ವಕೀಲರು ಹೇಳಿದ ತಾರೀಖು ಹಿಡಿದು ನಮ್ಮ ನೋಂದಣಿ ಪುಸ್ತಕ ನೋಡಿದರು. ಆ ದಿನ ಆ ಪತ್ರಿಕೆಯಿಂದ ಒಂದೇ ಒಂದು ಸುದ್ದಿ ಕತ್ತರಿಸಿದ್ದೆವು, ಮೂವತ್ತೊಂದನೇ ಪಾರ್ಟಿಗೆ. ಗೂಡಿನಿಂದ ಕಟ್ಟು ಇಳಿಸಿ ಆ ಹಾಳೆ ಹುಡುಕಿದೆವು. "ರಷ್ಯದ ಪ್ರೊಫೆಸರ್ ನಿಧನ?" ಎಂಬ ತಲೆಬರಹ. ಮೂಲೆಯಲ್ಲಿ ಸಣ್ಣ ಚಕ್ರ.

ಆ ಚಕ್ರ ನನ್ನದೇ. ಆ ದಿನ ಮಾಸ್ತರು ಆಸ್ಪತ್ರೆಯಲ್ಲಿದ್ದುದರಿಂದ ಅವರ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಪ್ರೊಫೆಸರ್ ಸತ್ತ ಎಂದು ಓದಿ ಕಣ್ಣೀರು ಹಾಕುತ್ತಲೇ ಕತ್ತರಿಸಿದ್ದೆ. ಮರುದಿನವೇ ಬೇರೆ ಪತ್ರಿಕೆಗಳು ಅದು ಸುಳ್ಳು ಸುದ್ದಿ ಎಂದವು...

ಕೆಳಗಿನ ಚಹದಂಗಡಿಯಿಂದ ಬಿಸಿನೀರು ತರಿಸಿ, ಅಂಟಿಸಿದ ತುಂಡಿನ ಹಿಂಬದಿ ನೋಡಲೆಂದು ಅಗಲವಾದ ಪರಾತದಲ್ಲಿ ಹಾಳೆಯನ್ನು ನೆನೆಹಾಕಿದೆವು. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಸೇಠನೂ ಬಂದು ನಿಂತ. ಮಾಸ್ತರು ಉಗುರಿನಿಂದ ಒಂದು ಅಂಚನ್ನು ಎಬ್ಬಿಸಿ ಮಗುವಿನ ಗಾಯದ ಪಟ್ಟಿ ಬಿಚ್ಚುವಂತೆ ಬಿಚ್ಚಿದರು. ಅಗ್ಗದ ಕಾಗದ, ಅಲ್ಲಲ್ಲಿ ಹರಿಯಿತು. ಮಸಿ ಅರ್ಧ ಬಿಳಿ ಹಾಳೆಗೆ ಮೆತ್ತಿಕೊಂಡಿತ್ತು. ಆದರೂ ಓದಲು ಬಂತು. ವಿಕ್ರೋಳಿ ಸ್ಟೇಷನ್ನಿನ ಹೊರಗೆ ಶೇಂಗಾ ಮಾರುವ... ನಾಲ್ಕು ಜನ ಇಳಿದು ಸಲಾಕೆಗಳಿಂದ... ಅವನು ಕುಡಿದಿರಲಿಲ್ಲ, ನನ್ನ ಹತ್ತಿರ ಶೇಂಗಾ ತೆಗೆದುಕೊಂಡು... ಟೆಂಪೋದ ನಂಬರು ಎಂ. ಆರ್...

ಅಲ್ಲಿಗೆ ಹಾಳೆ ಮುಗಿದಿತ್ತು. ಪ್ರತಿ ಸಾಲೂ ಅರ್ಧಕ್ಕೇ ನಿಂತಿತ್ತು. ಆಚೆ ಬದಿಯ ಪ್ರೊಫೆಸರನ ಸುದ್ದಿಯ ಅಳತೆಗೆ ನಾನು ಪಟ್ಟಿ ಇಟ್ಟು ಎಳೆದ ಗೆರೆ. ಅಂಚು ಒಂದು ಕೂದಲಷ್ಟೂ ಸೊಟ್ಟಗಿರಲಿಲ್ಲ.

ನಾನು ಅಳುತ್ತಾ, "ತಪ್ಪಾತ್ರೀ ಮಾಸ್ತರ್ರ, ಹಿಂದ ತಿರುವಿ ನೋಡ್ಲಿಲ್ರೀ" ಎಂದೆ.

ಅವರು ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟರು. "ಅಳ್ಬೇಡ ಮಗಾ. ನೋಡಿದ್ರೆ ನೀನು ಖಂಡಿತ ಕತ್ತರಿಸ್ತಿರ್ಲಿಲ್ಲ. ಅಷ್ಟು ಗೊತ್ತಿಲ್ವಾ ನಂಗೆ?"

ಆ ಒದ್ದೆ ತುಂಡನ್ನು ಒಣಗಿಸಿ ವಕೀಲರಿಗೆ ಒಯ್ದರು. ಅರ್ಧ ಚೀಟಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂದು ಅವರು ಹಿಂದಿರುಗಿಸಿದರು. ಆಮೇಲೆ ಮಾಸ್ತರು ಎರಡು ತಿಂಗಳು ಬೈಕುಲ್ಲಾದಿಂದ ಧಾರಾವಿಯವರೆಗೆ ರದ್ದಿ ಅಂಗಡಿಗಳಲ್ಲಿ ಕೂತು, ಹಳೇ ಕಾಗದದ ರಾಶಿ ಅಗೆದು ನೋಡಿದರು. ರದ್ದಿಯವರು ಮೊದಮೊದಲು ಕನಿಕರಿಸಿದರು, ಆಮೇಲೆ ಬೈದರು. ಆಫೀಸಿಗೆ ಬಂದ ದಿನವೂ ಬ್ಲೇಡು ಹಿಡಿಯಲಿಲ್ಲ. ಪತ್ರಿಕೆಯ ಪುಟಗಳನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಿರುತ್ತಿದ್ದರು. ಕೊನೆಗೆ ಸೇಠ ಅವರಿಗೆ ಊರಿಗೆ ಹೋಗಲು ಹೇಳಿದ. ಹೋಗುವ ದಿನ ನನಗೆ ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಆಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೆಲವು ವರ್ಷಗಳ ಮೇಲೆ ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿದ್ದ ಉಡುಪಿಯವರೊಬ್ಬರು ಅವರು ತೀರಿಹೋದರು ಎಂದರು. ಪೊಲೀಸರ ಕಾಗದದಲ್ಲಿ ಆ ತಮ್ಮ ಇಂದಿಗೂ ಕುಡಿದು ಬಿದ್ದವನೇ.

ಆ ಪ್ರೊಫೆಸರು ಬದುಕಿದನೋ ಸತ್ತನೋ, ಅದೂ ನನಗೆ ಗೊತ್ತಾಗಲಿಲ್ಲ. ಮೊನ್ನೆ ಟಿ.ವಿ.ಯಲ್ಲಿ ಮತ್ತೆ ರಷ್ಯದ ಯಾರೋ ವಿರೋಧಿ ನಾಯಕನ ಸುದ್ದಿ. ವಿಷ ಎಂದು ಒಬ್ಬರು, ಕಾಯಿಲೆ ಎಂದು ಒಬ್ಬರು, ಕೂಗಾಡುತ್ತಿದ್ದರು. ಮೊಮ್ಮಗ "ಅಜ್ಜಿ, ಸಚ್ ಕ್ಯಾ ಹೈ ಇದರಲ್ಲಿ?" ಎಂದು ಕೇಳಿದ. ಗೊತ್ತಿಲ್ಲಪ್ಪ ಎಂದೆ. ಸತ್ಯ ಯಾವುದೆಂದು ಹೇಳುವ ಯೋಗ್ಯತೆ ನನಗಿಲ್ಲ ಎಂದು ಆ ಹುಡುಗನಿಗೆ ಹೇಗೆ ಹೇಳಲಿ?

ಮಾಸ್ತರಿಗೆ ನಾನು ಹೇಳಿದ್ದು ಸುಳ್ಳು. ಅವತ್ತು ಹಾಳೆಯನ್ನು ತಿರುಗಿಸಿದ್ದೆ. ಅವರೇ ಕಲಿಸಿದ ಅಭ್ಯಾಸ, ಅಳುವಿನಲ್ಲೂ ಕೈ ಮರೆಯಲಿಲ್ಲ. ವಿಕ್ರೋಳಿ ಎಂಬ ಪದ ಕಣ್ಣಿಗೆ ಬಿದ್ದಿತ್ತು. ನಮ್ಮ ಪಟ್ಟಿಯಲ್ಲಿ ವಿಕ್ರೋಳಿಯ ಸುದ್ದಿ ಬೇಕೆಂದ ಪಾರ್ಟಿ ಯಾವುದೂ ಇರಲಿಲ್ಲ. ಮತ್ತೆ ಈ ಬದಿಗೆ ತಿರುಗಿಸಿ, ಪಟ್ಟಿ ಇಟ್ಟು, ಬ್ಲೇಡು ಎಳೆದೆ.