ಎಡಗೈಯ ಹೆಚ್ಚಿನ ಬಳೆ

ಶಿಕಾರಿಪುರದ ಕುಬ್ರಾ ಬೀ ಮೂವತ್ತು ವರ್ಷ ಊರೂರು ತಿರುಗಿ ಬಳೆ ತೊಡಿಸಿದವರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಮ್ಮೆ ಹಿಡಿದ ಕೈಯ ಅಳತೆಯನ್ನು ಅವರು ಮರೆತದ್ದನ್ನು ಯಾರೂ ಕಂಡಿಲ್ಲ. ಬಳೆಯ ಮಲಾರವನ್ನು ಹೆಗಲಿಗೇರಿಸಿ ತಾಳಗುಂದದ ಕಡೆ ಹೊರಟರೆ, ಯಾವ ಮನೆಯ ಯಾವ ಹುಡುಗಿಗೆ ಯಾವ ಅಳತೆ ಎಂದು ದಾರಿಯಲ್ಲೇ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಿದ್ದರು.

ಎರಡೂ ಕೈಗೆ ತೊಡಿಸಿ ಮುಗಿದ ಮೇಲೆ ಎಡಗೈಗೆ ಒಂದು ಹಸಿರು ಬಳೆಯನ್ನು ಹೆಚ್ಚಿಗೆ ಹಾಕುವುದು ಅವರ ರೂಢಿ. ಅದಕ್ಕೆ ದುಡ್ಡಿಲ್ಲ. “ಇದು ನನ್ನ ಕಡೆಯಿಂದ, ನೂರು ವರ್ಷ ಬಾಳು” ಎನ್ನುತ್ತಿದ್ದರು. ಆ ಬಳೆ ಕೈಗೇರದೆ ಶಾಸ್ತ್ರ ಮುಗಿಯಿತು ಎಂದು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ಅಂಥ ಬಳೆಯನ್ನು ಅವರು ಒಬ್ಬಳಿಗೆ ತಿಂಗಳುಗಟ್ಟಲೆ ತಡೆದಿಟ್ಟರು. ಆ ಸಂಗತಿಯನ್ನು ಅವರಿಂದಲೂ ಬಳೆ ತೊಟ್ಟವಳಿಂದಲೂ ಬೇರೆ ಬೇರೆಯಾಗಿ ಕೇಳಿ, ಎರಡನ್ನೂ ಹೋಲಿಸಿ ನೋಡಿ ಬರೆದಿದ್ದೇನೆ.

೧೯೭೪ರಲ್ಲಿ ಡಾಕ್ಟರ್ ಸರ್ವಮಂಗಳ ಎಂಬವರು ತಿಂಗಳಿಗೆ ಎರಡು ಮಂಗಳವಾರ ಶಿಕಾರಿಪುರಕ್ಕೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಅವರು ಹೃದಯದ ಸಂಶೋಧನೆ ಮಾಡುವವರು. ಹೆರಿಗೆಯಾದ ಕೆಲವು ಹೆಂಗಸರಿಗೆ, ಕಾರಣವೇ ತಿಳಿಯದೆ, ಹೃದಯ ಸೋಲುತ್ತದೆ. ಸೋತ ಹೃದಯ ಇದ್ದ ಹಾಗೇ ಇರುವುದಿಲ್ಲ. ಅದರ ಆಕಾರ ಬದಲಾಗಿ ಅಗಲವಾಗುತ್ತ ಹೋಗುತ್ತದೆ. ಕೈಕಾಲಿಗೆ ನೀರು ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಹೀಗೆ ಅಗಲವಾದ ಹೃದಯ ಔಷಧಿಯಿಂದ ಮತ್ತೆ ತನ್ನ ಮೊದಲಿನ ಆಕಾರಕ್ಕೆ ಬರುತ್ತದೆಯೇ, ಬಂದರೆ ಎಷ್ಟು ತಿಂಗಳಲ್ಲಿ ಎಂಬುದೇ ಅವರ ಪ್ರಶ್ನೆ. ಎಕ್ಸರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯ ಅಗಲವನ್ನೂ ಹೃದಯದ ಅಗಲವನ್ನೂ ಮರದ ಸ್ಕೇಲಿನಿಂದ ಅಳೆಯುತ್ತಿದ್ದರು. ಹೃದಯ ಎದೆಯ ಅರ್ಧದೊಳಗಿದ್ದರೆ ಸರಿ, ಮೀರಿದರೆ ರೋಗ.

ಅವರಿಗಿದ್ದ ತೊಂದರೆ ಒಂದೇ. ಬಾಣಂತಿಯರು ಬರುತ್ತಿದ್ದದ್ದು ತೀರ ಕೊನೆಗೆ, ಗಾಡಿಯಲ್ಲಿ ಮಲಗಿಸಿಕೊಂಡು.

ಒಂದು ಮಂಗಳವಾರ ಅಂಥ ಒಬ್ಬಳ ಊದಿದ ಕೈಯಿಂದ ಬಳೆ ತೆಗೆಯಬೇಕಾಗಿತ್ತು. ಒಡೆಯಲು ಮನೆಯವರು ಬಿಡಲಿಲ್ಲ. ಕುಬ್ರಾ ಬೀಗೆ ಹೇಳಿಕಳಿಸಿದರು. ಅವರು ಸೋಪು ಹಚ್ಚಿ, ಬೆರಳು ಮಡಿಸಿ, ಒಂದೂ ಒಡೆಯದಂತೆ ತೆಗೆದರು. ಆಮೇಲೆ ಹೇಳಿದರು:

“ಡಾಕ್ಟ್ರಮ್ಮಾ, ಇವು ಏಳನೇ ತಿಂಗಳ ಕುಬುಸಕ್ಕೆ ನಾನೇ ತೊಡಿಸಿದ್ದು. ಆಗ ಸಲೀಸಾಗಿ ತಿರುಗ್ತಿದ್ವು. ಹೆತ್ತ ಮೇಲೆ ಕೈ ಇಳೀಬೇಕಲ್ಲ? ಇದು ಏರಿದೆ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಎಲ್ಲರ ಕೈಯೂ ನೆನಪಿದೆಯೇನ್ರೀ ನಿಮಗೆ?”

“ಮುಖ ಮರೀಬಹುದು. ಕೈ ಮರೆಯಲ್ಲ.”

ಯಾವ ಹೆಂಗಸನ್ನೂ ಹೆರಿಗೆಗೆ ಮೊದಲು ಯಾರೂ ತೂಗಿ, ಅಳೆದು ಇಟ್ಟಿರಲಿಲ್ಲ. ಇದ್ದ ಅಳತೆಯೆಂದರೆ ಕುಬುಸದ ಬಳೆ ಒಂದೇ. ಅಂದಿನಿಂದ ಕುಬ್ರಾ ಬೀ ತೊಟ್ಟಿಲ ಶಾಸ್ತ್ರಕ್ಕೆ ಹೋದಲ್ಲೆಲ್ಲ ಹಳೆಯ ಬಳೆ ತಿರುಗಿಸಿ ನೋಡತೊಡಗಿದರು.

ಮರುವರ್ಷ ತಾಳಗುಂದದ ಬಸವಣ್ಣೆಮ್ಮನ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಮಗಳು ಜಗದಾಂಬಳನ್ನು ಸೊರಬದ ಕಡೆ ಕುಬಟೂರಿಗೆ ಕೊಟ್ಟಿದ್ದರು. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಕುಬ್ರಾ ಬೀ ಅವಳ ಕೈ ಹಿಡಿದರು. ಕುಬುಸಕ್ಕೆ ತಾವೇ ತೊಡಿಸಿದ್ದ ಬಳೆಗಳು ಅಲ್ಲಾಡಲಿಲ್ಲ. ಮುಂಗೈಯನ್ನು ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು.

“ತುಪ್ಪ ತಿಂದು ಮೈಕೈ ತುಂಬಿದಾಳೆ. ಒಂದು ಅಳತೆ ದೊಡ್ಡದು ಹಾಕು ಬೂಬಮ್ಮ,” ಎಂದರು ಬಸವಣ್ಣೆಮ್ಮ.

“ಮಲಗಿದ್ರೆ ನಿದ್ದೆ ಬರ್ತದೇನಮ್ಮ?” ಎಂದು ಕುಬ್ರಾ ಬೀ ಜಗದಾಂಬಳನ್ನೇ ಕೇಳಿದರು.

“ಇಲ್ಲ. ಗೋಡೆಗೆ ಒರಗಿ ಕೂತ್ರೆ ಮಾತ್ರ.”

ಕುಬ್ರಾ ಬೀ ಮಲಾರ ಕಟ್ಟಿದರು. “ನಾನು ತೊಡಿಸಲ್ಲ ಅಮ್ಮಾರೆ. ಈ ದೊಡ್ಡ ಅಳತೆ ಇವಳದ್ದಲ್ಲ, ರೋಗದ್ದು. ನಾಳೆ ಮಂಗಳವಾರ. ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗ್ರೀ.”

“ಶುಭದ ದಿನ ಎಂಥ ಮಾತಾಡ್ತೀಯೇ! ಬಳೆ ತೊಡಿಸೋಕೆ ಬಂದೋಳು ನಾಡಿ ಹಿಡಿಯೋ ಪಂಡಿತಳಾದ್ಯೇನು?”

“ನಾಡಿ ಗೊತ್ತಿಲ್ಲ. ಕೈ ಗೊತ್ತು. ಇವತ್ತು ಬೈಯ್ರಿ, ಬೈಸ್ಕೋತೀನಿ. ಕುಬುಸದ ದಿನದ ಅಳತೇನೇ ನಾನು ಇವಳಿಗೆ ಮತ್ತೆ ತೊಡಿಸ್ತೀನಿ. ನೋಡ್ತಿರ್ರಿ.”

ಬಳೆ ತೊಡಿಸದೆ ಹೊರಟ ಬಳೆಗಾರ್ತಿಯನ್ನು ಕಂಡು ನೆರೆದ ಹೆಂಗಸರು ಗುಸುಗುಸು ಎಂದರು. ಮನೆಯ ಮರ್ಯಾದೆಗೆ ಅಂಜಿಯೋ, ಮಗಳ ಉಸಿರಿಗೆ ಅಂಜಿಯೋ, ಮಾರನೆಯ ದಿನ ಬಸವಣ್ಣೆಮ್ಮ ಗಾಡಿ ಕಟ್ಟಿಸಿದರು.

ಡಾಕ್ಟರು ಮೊದಲು ಔಷಧಿ ಕೊಟ್ಟು ಉಸಿರು ಸುಧಾರಿಸಿದರು, ಆಮೇಲೆ ಶಿವಮೊಗ್ಗದಲ್ಲಿ ಫಿಲ್ಮು ತೆಗೆಸಿದರು. ಜಗದಾಂಬಳ ಹೃದಯ ಎದೆಯ ಅರ್ಧವನ್ನು ಎರಡು ಬೆರಳಿನಷ್ಟು ಮೀರಿತ್ತು. ನೀರು ಇಳಿಸುವ ಮಾತ್ರೆ, ಹೃದಯಕ್ಕೆ ಬಲ ಕೊಡುವ ಮಾತ್ರೆ, ಉಪ್ಪಿಲ್ಲದ ಊಟ. “ಇವಳು ಬೇಗ ಸಿಕ್ಕಳು, ಉಳೀತಾಳೆ. ಆದರೆ ನಾನು ಹೇಳೋವರೆಗೆ ಮಾತ್ರೆ ಬಿಡಬಾರದು” ಎಂದರು.

ನಾಲ್ಕು ತಿಂಗಳು ಕಳೆಯಿತು. ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತಾಯಿತೆಂದು ಬಸವಣ್ಣೆಮ್ಮ ಬಳೆಗೆ ಹೇಳಿಕಳಿಸಿದರು. ಕುಬ್ರಾ ಬೀ ಹಳೆಯ ಅಳತೆಯನ್ನೇ ತಂದಿದ್ದರು. ಒಂದೊಂದಾಗಿ ಏರಿದವು, ಕುಬುಸದ ದಿನದಂತೆಯೇ. ಬಸವಣ್ಣೆಮ್ಮನ ಕಣ್ಣು ತುಂಬಿತು.

“ನೀನು ಹೇಳಿದ ಹಂಗೇ ಆಯ್ತು ನೋಡು. ಕೈ ಇಳಿದಿದ್ದು ಕಂಡ ಮೇಲೆ ಮಾತ್ರೇನೂ ನಿಲ್ಲಿಸಿಬಿಟ್ಟೆ. ಹತ್ತು ದಿನ ಆಯ್ತು.”

ಕುಬ್ರಾ ಬೀಯ ಕೈ ಅಲ್ಲೇ ನಿಂತಿತು. ಗೋಡೆಯ ಗೂಡಿನಲ್ಲಿ ಮಾತ್ರೆಯ ಪೊಟ್ಟಣಗಳು ಹಾಗೇ ಇದ್ದವು. ತಪ್ಪು ತಮ್ಮದೆಂದು ಅವರಿಗೆ ಕೂಡಲೇ ಹೊಳೆಯಿತು. ಬಳೆ ಏರಿದರೆ ವಾಸಿ ಎಂಬಂತೆ ಮಾತು ಕೊಟ್ಟವರು ಅವರೇ. ಆದರೆ ಬಳೆ ಅಳೆಯುವುದು ಕೈಯಲ್ಲಿ ತುಂಬಿದ ನೀರನ್ನು, ಹೃದಯವನ್ನಲ್ಲ.

ಅವರು ಹೆಚ್ಚಿನ ಹಸಿರು ಬಳೆಯನ್ನು ಎತ್ತಿಕೊಂಡು, ತೊಡಿಸದೆ, ತಮ್ಮ ಸೆರಗಿಗೆ ಕಟ್ಟಿಕೊಂಡರು.

“ಇದೇನೇ? ಅದನ್ನ ಹಾಕು!”

“ನಾನು ತಪ್ಪು ಹೇಳಿದ್ದೆ ಅಮ್ಮಾರೆ. ಕೈ ಸರಿಹೋಯ್ತು. ಒಳಗಿಂದು ಸರಿಹೋಗಿದೆಯೋ ಇಲ್ಲವೋ ನನ್ನ ಬಳೆಗೆ ಗೊತ್ತಾಗಲ್ಲ. ಅದಕ್ಕೆ ಡಾಕ್ಟ್ರಮ್ಮನ ಸ್ಕೇಲೇ ಆಗ್ಬೇಕು. ಅವರು ಸರಿ ಅನ್ನೋವರೆಗೆ ಈ ಬಳೆ ನನ್ನ ಹತ್ರಾನೇ.”

“ಶಾಸ್ತ್ರ ಅರ್ಧಕ್ಕೆ ನಿಂತ್ರೆ ಬೀಗರು ಏನಂತಾರೆ?”

“ಬಳೆ ಯಾಕಿಲ್ಲ ಅಂತ ಕೇಳ್ತಾರೆ. ಕೇಳ್ಲಿ. ಮಾತ್ರೆ ಮರೀಬಾರ್ದು ಅಂತ ಹೇಳ್ರಿ.”

ಮುಂದಿನ ಮಂಗಳವಾರದ ಫಿಲ್ಮು ಅವರ ಅನುಮಾನವನ್ನು ನಿಜ ಮಾಡಿತು. ಹೃದಯ ಇನ್ನೂ ಎದೆಯ ಅರ್ಧವನ್ನು ಒಂದು ಬೆರಳಿನಷ್ಟು ಮೀರಿಯೇ ಇತ್ತು. ಮಾತ್ರೆ ಮತ್ತೆ ಶುರುವಾಯಿತು. ಕುಬಟೂರಿನಲ್ಲಿ ಬಂದವರೆಲ್ಲ ಜಗದಾಂಬಳ ಎಡಗೈಯ ಬಳೆ ಎಣಿಸಿ ಕೇಳುತ್ತಿದ್ದರಂತೆ. ಪ್ರತಿಸಲ ಅತ್ತೆ, “ಮಾತ್ರೆ ತಗೊಂಡ್ಯೇನೇ?” ಎನ್ನುತ್ತಿದ್ದರಂತೆ. ಡಾಕ್ಟರು ಕರೆದಾಗಲೆಲ್ಲ ಗಂಡ ಗುರುಮಲ್ಲಪ್ಪ ತಪ್ಪದೆ ಬಸ್ಸಿನಲ್ಲಿ ಕರೆತರುತ್ತಿದ್ದ.

ಮಗುವಿಗೆ ವರ್ಷ ತುಂಬಿದ ತಿಂಗಳು ಜಗದಾಂಬಳ ಜೊತೆ ಬಸವಣ್ಣೆಮ್ಮನೂ ಕುಬ್ರಾ ಬೀಯೂ ಡಾಕ್ಟರ ಬಳಿ ಬಂದಿದ್ದರು. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ಎರಡು ಸಲ ಅಳೆದರು. ಮೂರನೆಯ ಸಲ ಸ್ಕೇಲಿನ ಮೇಲೆ ಉಗುರಿಟ್ಟು ಕುಬ್ರಾ ಬೀಗೂ ತೋರಿಸಿದರು.

“ಎದೆಯ ಅರ್ಧ ಇಲ್ಲಿ. ಹೃದಯ ಇಲ್ಲಿಗೇ ಮುಗೀತು. ಒಳಗೇ ಇದೆ ಕಣ್ರೀ!”

ಕುಬ್ರಾ ಬೀ ಸೆರಗಿನ ಗಂಟು ಬಿಚ್ಚಿದರು. ಜಗದಾಂಬ ತಾನಾಗಿಯೇ ಎಡಗೈ ಚಾಚಿದಳು. ಬಳೆ ಗೆಣ್ಣು ದಾಟಿ ಉಳಿದವುಗಳ ಜೊತೆ ಸೇರಿತು.

“ಇದು ನನ್ನ ಕಡೆಯಿಂದ, ನೂರು ವರ್ಷ ಬಾಳು.” ಆಮೇಲೆ ಬಸವಣ್ಣೆಮ್ಮನ ಕಡೆ ತಿರುಗಿ, “ಇನ್ನೊಂದು ಕುಬುಸದ ಯೋಚನೆ ಬಂದ್ರೆ ಮೊದಲು ನನಗೆ ಹೇಳಿಕಳಿಸಬೇಡ್ರಿ ಅಮ್ಮಾರೆ,” ಎಂದರು. “ಈ ಡಾಕ್ಟ್ರಮ್ಮನ್ನ ಕೇಳ್ರಿ. ಇನ್ನೊಂದು ಬಸಿರನ್ನ ಈ ಹೃದಯ ತಡೀತದೋ ಇಲ್ಲವೋ ನನ್ನ ಬಳೆಗೆ ಗೊತ್ತಾಗಲ್ಲ. ಇವರು ಹ್ಞೂಂ ಅಂದ್ರೇ ನಾನು ಬರೋದು.”