ಬಿಳಿಕೆರೆಯ ಓಟ್ಲಮ್ಮ

ಬಿಳಿಕೆರೆ ಬಸ್‌ಸ್ಟ್ಯಾಂಡಿನ ಎದುರು ಒಂದು ಹಿಟ್ಟಿನ ಗಿರಣಿ ಇದೆ. ಅದರ ಸೂರಿನಿಂದ ಹಿಂದಿನ ತೆಂಗಿನ ಮರಕ್ಕೆ ಒಂದು ತಂತಿ ಎಳೆದಿದ್ದಾರೆ. ಊರಿನವರು ಅದನ್ನು ಬಟ್ಟೆ ಒಣಹಾಕುವ ತಂತಿ ಅಂದುಕೊಂಡಿದ್ದಾರೆ. ಅಷ್ಟು ಎತ್ತರದಲ್ಲಿ ಯಾರು ಬಟ್ಟೆ ಒಣಹಾಕುತ್ತಾರೆ ಅಂತ ಒಬ್ಬರೂ ಕೇಳಿಲ್ಲ. ಅದು ಗಿರಣಿಯ ಒಡತಿ ಶಿವನಂಜಮ್ಮನವರ ರೇಡಿಯೋದ ಆಂಟೆನಾ.

ನಾನು ಹುಣಸೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹುಚ್ಚು ನನಗೆ ಬಹಳ ವರ್ಷದಿಂದ ಇದೆ. ಹ್ಯಾಮ್ ರೇಡಿಯೋ ಅನ್ನುತ್ತಾರೆ. ಈ ಹುಚ್ಚಿನವರು ನಮ್ಮ ಸುತ್ತಮುತ್ತ ಮೂವತ್ತು ಜನ ಇದ್ದೇವೆ. ಅಷ್ಟೂ ಜನರಲ್ಲಿ ಎದೆಗಾರಿಕೆ ಇರುವುದು ಒಬ್ಬರಿಗೆ ಮಾತ್ರ, ಆ ಒಬ್ಬರು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಕೊಡಗಿನಲ್ಲಿ ಗುಡ್ಡ ಕುಸಿದ ವರ್ಷ, ಅತ್ತ ಹೊರಟಿದ್ದ ನಮ್ಮವರಿಬ್ಬರು ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಆ ಗಿರಣಿಯ ಮುಂದೆ ಜೀಪು ನಿಲ್ಲಿಸಿದ್ದರು. ಶಿವನಂಜಮ್ಮ ರಾಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತರು. ರೇಡಿಯೋದಲ್ಲಿ ಬೆಟ್ಟದ ಮೇಲಿನವನೊಬ್ಬ ಒಂದೊಂದೇ ಹೆಸರು ಓದುತ್ತಿದ್ದ, ಜೀಪಿನಲ್ಲಿದ್ದವನು ಬರೆದುಕೊಳ್ಳುತ್ತಿದ್ದ. ಯಾರ ಹೆಸರು ಅಂತ ಆಕೆ ಕೇಳಿದರು. ಬದುಕಿರುವವರದ್ದು ಅಂದರು. ಅರ್ಧ ಗಂಟೆ ಆಕೆ ಅಲ್ಲಿಂದ ಕದಲಲಿಲ್ಲವಂತೆ.

"ಇದ್ನ ಯಾರ್ ಬೇಕಾದ್ರೂ ಕಲೀಬೌದಾ?" ಅಂತ ಆಮೇಲೆ ಕೇಳಿದರು.

"ಪರೀಕ್ಷೆ ಇದೆ ಅಮ್ಮ. ಕಷ್ಟ."

"ಕಷ್ಟವಾ ಅಂತ ಕೇಳ್ಲಿಲ್ಲ ಕಣ್ರೀ. ಬೌದಾ ಅಂತ ಕೇಳ್ದೆ."

ಮುಂದಿನ ವಾರ ಆಕೆ ಬಸ್ಸು ಹತ್ತಿ ಹುಣಸೂರಿಗೆ ಬಂದು ನನ್ನ ಮನೆಯ ಬಾಗಿಲು ತಟ್ಟಿದರು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಆಕೆ ಎರಡು ವರ್ಷ ಬಿಡದೆ ಓದಿದರು. ಮೊದಲ ಸಲ ನಪಾಸಾದರು, ಎರಡನೇ ಸಲ ಪಾಸಾದರು. ಲೈಸೆನ್ಸಿನ ಜೊತೆಗೆ ಪ್ರತಿಯೊಬ್ಬರಿಗೂ ಅಕ್ಷರ ಮತ್ತು ಅಂಕಿ ಸೇರಿದ ಒಂದು ಗುರುತಿನ ಸಂಕೇತ ಬರುತ್ತದೆ. ಶಿವನಂಜಮ್ಮನವರ ಸಂಕೇತದ ಕೊನೆಯ ಅಕ್ಷರ ಎಚ್. ರೇಡಿಯೋದ ಗದ್ದಲದಲ್ಲಿ ಅಕ್ಷರ ತಪ್ಪಿ ಕೇಳಬಾರದೆಂದು ನಾವು ಪ್ರತಿ ಅಕ್ಷರಕ್ಕೂ ಒಂದು ಪದ ಹೇಳುತ್ತೇವೆ. ಎಚ್‌ಗೆ ಹೇಳುವ ಪದ ಹೋಟೆಲ್.

ಸಮಸ್ಯೆ ಅಲ್ಲೇ ಶುರುವಾಯಿತು. ನಮ್ಮ ಕಡೆಯ ಬಾಯಿಗೆ ಹಕಾರ ಅಷ್ಟಾಗಿ ಒಗ್ಗುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಂಗೆ ಅಂಗೆ ಆಗುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಳಗದವರೆಲ್ಲ ರೇಡಿಯೋದಲ್ಲೇ ಹಾಜರಿ ಹೇಳುತ್ತೇವೆ. ಮೊದಲ ಭಾನುವಾರದ ಹಾಜರಿಯಲ್ಲಿ ಶಿವನಂಜಮ್ಮ ತಮ್ಮ ಸಂಕೇತ ಹೇಳಿ ಕೊನೆಗೆ ಗಟ್ಟಿಯಾಗಿ "ಓಟ್ಲು" ಅಂದರು.

ಹಾಜರಿ ಕರೆಯುವವರು ಮೈಸೂರಿನ ರುದ್ರಸ್ವಾಮಿ, ನಿವೃತ್ತ ಎಂಜಿನಿಯರು. ನಮ್ಮ ಬಳಗದ ನಿಯಮದ ಪುಸ್ತಕ ಬರೆದವರು ಅವರೇ, ಹದಿನಾಲ್ಕು ವರ್ಷದಿಂದ ಹಾಜರಿ ಕರೆಯುತ್ತಿರುವವರೂ ಅವರೇ. ಅವರ ಸಂಕೇತದ ಕೊನೆಯಲ್ಲೂ ಎಚ್ ಇದೆ. ಅವರು ಅದನ್ನು ಹೇಳುವಾಗ ಹಕಾರಕ್ಕೆ ಇಸ್ತ್ರಿ ಮಾಡಿದಂತಿರುತ್ತದೆ.

"ಯಾವ ಓಟ್ಲಮ್ಮ ಅದು? ಬಸ್‌ಸ್ಟ್ಯಾಂಡ್ ಹತ್ತಿರದ್ದಾ?" ಅಂದರು ರುದ್ರಸ್ವಾಮಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಊಂ ಕಣ್ರೀ, ಅದೇ ಓಟ್ಲು. ಇಡ್ಲಿ ಬಿಸಿ ಐತೆ, ಬನ್ನಿ" ಅಂದರು ಶಿವನಂಜಮ್ಮ.

ಅಂದಿನಿಂದ ಆಕೆ ಬಳಗಕ್ಕೆಲ್ಲ ಓಟ್ಲಮ್ಮ. ತಿದ್ದಿಕೊಳ್ಳಿ, ಹೊರರಾಜ್ಯದವರಿಗೆ ಅರ್ಥವಾಗುವುದಿಲ್ಲ ಅಂತ ರುದ್ರಸ್ವಾಮಿ ಎಷ್ಟೋ ಸಲ ಹೇಳಿದರು. ಆಕೆ ತಿದ್ದಿಕೊಳ್ಳಲಿಲ್ಲ. ತಿದ್ದಿಕೊಳ್ಳಲು ಬರುತ್ತಿರಲಿಲ್ಲ ಅಂತಲ್ಲ, ಮನಸ್ಸಿರಲಿಲ್ಲ.

ಹೋದ ವರ್ಷ ಆಕೆಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು ಡಾಕ್ಟರು. ತೆಗೆದರು. ಓಡುತ್ತಿರುವ ಗಿರಣಿಯ ಸದ್ದನ್ನೂ ಮೀರಿ ರಸ್ತೆಯ ಆಚೆಗೆ ಕೇಳುತ್ತಿದ್ದ ದನಿ ಒಂದೇ ದಿನದಲ್ಲಿ ಇಲ್ಲವಾಯಿತು. ಉಸಿರಾಟಕ್ಕೆ ಕತ್ತಿನಲ್ಲಿ ಮಾಡಿದ ತೂತಿನ ಮೇಲೆ ತೆಳ್ಳನೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಹಿಟ್ಟಿನ ಧೂಳು ಕೂಡದು ಅಂದಿದ್ದರಿಂದ ಗಿರಣಿಯ ಕೆಲಸ ಗಂಡ ಸಿದ್ದಮಲ್ಲಪ್ಪನವರ ಪಾಲಿಗೆ ಬಂತು. ಬೀಸಲು ಬಂದವರ ಸರದಿ ಬರೆಯುವ ಸ್ಲೇಟು ಮಾತ್ರ ಈಕೆಯ ಕೈಗೆ ಬಂತು. ಆಕೆ ಮಾತಾಡುತ್ತಿದ್ದದ್ದು ಅದರಲ್ಲೇ. ಬರೆಯುತ್ತಿದ್ದದ್ದೂ ಮಾತಾಡುತ್ತಿದ್ದ ಹಾಗೇ, ಹಕಾರ ಬಿಟ್ಟು.

ನನಗೆ ಸಿಟ್ಟು ಬರುವುದು ಜನರ ಮೇಲೆ. ಗಂಟಲು ಹೋದವರಿಗೆ ಕಿವಿಯೂ ಹೋಗಿದೆ ಅಂತ ಯಾರು ಇವರಿಗೆ ಹೇಳಿಕೊಟ್ಟರೋ. ಬಂದವರೆಲ್ಲ ಆಕೆಯ ಎದುರು ನಿಂತು ಕಿರುಚುತ್ತಿದ್ದರು. ಇಲ್ಲವೇ ಆಕೆಯನ್ನು ದಾಟಿ, "ಏನಂತೆ ಇವರಿಗೆ? ಊಟ ಮಾಡ್ತಾರಾ?" ಅಂತ ಗಂಡನನ್ನು ಕೇಳುತ್ತಿದ್ದರು. ಆಕೆ ಸ್ಲೇಟಿನ ಮೇಲೆ ದಪ್ಪಗೆ ಬರೆದು ಎತ್ತಿ ಹಿಡಿಯುತ್ತಿದ್ದರು: "ಕಿವಿ ಸರ್ಯಾಗಿ ಐತೆ."

ರೇಡಿಯೋ ಬಳಗ ಇದಕ್ಕಿಂತ ವಾಸಿ ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿದ್ದಾಗಿನ ಗೈರುಹಾಜರಿಗೆ ವಿನಾಯಿತಿ ಇತ್ತು. ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಆಕೆಯ ಹೆಸರು ಕರೆದಾಗ ಮೈಕಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟಿದ ಸದ್ದು ಬಂತು. ರುದ್ರಸ್ವಾಮಿ ಉತ್ತರವಿಲ್ಲ ಅಂತ ಬರೆದುಕೊಂಡರು. ಎರಡನೇ ಭಾನುವಾರವೂ ಟಕ್ ಟಕ್ ಬಂತು.

"ನೋಡಿ, ಟಕ್ ಟಕ್ ಅಂದ್ರೆ ಯಾರು ಅಂತ ತಿಳ್ಕೊಳ್ಳೋದು? ಹಾಜರಿ ಅಂದ್ರೆ ದನಿ" ಅಂದರು. "ಮೂರು ವಾರ ಉತ್ತರ ಬರದಿದ್ರೆ ಹೆಸರು ತೆಗೀಬೇಕು ಅಂತ ನಿಯಮ ಇದೆ. ಪಾಪ, ಶಿವನಂಜಮ್ಮನೋರನ್ನ ಕೇಳುಗರ ಪಟ್ಟಿಗೆ ಹಾಕೋಣ. ಆರಾಮಾಗಿ ಕೇಳಿಸ್ಕೊಂಡಿರ್ಲಿ."

ಯಾರಾದರೂ ಬೇಡ ಅನ್ನಬಹುದಿತ್ತು. ಇಪ್ಪತ್ತೊಂಬತ್ತು ಜನರ ಕೈಯಲ್ಲೂ ಮೈಕು ಇತ್ತು. ನನ್ನ ಕೈಯಲ್ಲೂ ಇತ್ತು. ಮಾತಾಡುವ ಗುಂಡಿ ಒತ್ತಲಿಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆ ಸಂಜೆಯೇ ಆಕೆಯಿಂದ ಫೋನಿಗೆ ಸಂದೇಶ ಬಂತು. "ಮೇಷ್ಟ್ರೆ, ಎಸ್ರು ಕರ್ದಾಗ ಓ ಅನ್ದೆ ಇದ್ರೆ ಸತ್ತಂಗೆ. ಒಂದ್ ವಾರ ಟೈಮ್ ಐತೆ. ಬನ್ನಿ."

ಮರುದಿನ ಶಾಲೆ ಮುಗಿಸಿ ಹೋದೆ. ಫೋನೇ ಬರೆದದ್ದನ್ನು ಓದುತ್ತದಲ್ಲ, ಅದನ್ನು ಮೈಕಿನ ಮುಂದೆ ಹಿಡಿದರಾಯಿತು ಅಂತ ಹಾದಿಯುದ್ದಕ್ಕೂ ಯೋಚಿಸಿಕೊಂಡಿದ್ದೆ. ಮಾಡಿ ತೋರಿಸಿದೆ. ಫೋನಿನೊಳಗಿನ ಹುಡುಗಿ ಆಕೆಯ ಸಂಕೇತವನ್ನು ಓದಿ ಕೊನೆಗೆ ಬಲು ನಯವಾಗಿ "ಹೋಟೆಲ್" ಅಂದಳು. ಶಿವನಂಜಮ್ಮ ಫೋನು ಕಿತ್ತುಕೊಂಡು ಬೋರಲಾಗಿ ಇಟ್ಟರು. ಸ್ಲೇಟು ತೆಗೆದುಕೊಂಡರು.

"ಇವ್ಳ್ ಯಾರು? ಇವ್ಳ್ಗೆ ಲೈಸೆನ್ಸ್ ಐತಾ?"

ನಗು ತಡೆದುಕೊಂಡು ಎರಡನೆಯ ದಾರಿ ಹೇಳಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಅಕ್ಷರಗಳನ್ನು ಸಣ್ಣ ಶಿಳ್ಳೆಯಾಗಿ ಮಾಡಿ ರೇಡಿಯೋದಲ್ಲಿ ಕಳಿಸುವ ತಂತ್ರಾಂಶ ಇದೆ. ಆಚೆ ಕಡೆಯ ಕಂಪ್ಯೂಟರು ಆ ಶಿಳ್ಳೆ ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಟೈಪ್ ಮಾಡಿದ್ದು ಒಂದೊಂದೇ ಅಕ್ಷರವಾಗಿ, ಕೈ ನಡೆದ ವೇಗಕ್ಕೆ ಹೋಗುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಅಷ್ಟೆ. ಆಕೆ ತಲೆಯಾಡಿಸಿದರು.

ಮೊದಲು ಲ್ಯಾಪ್‌ಟಾಪಿನಿಂದ ರೇಡಿಯೋಗೆ ನೇರವಾಗಿ ಒಂದು ವೈರು ಕೊಟ್ಟು ನೋಡಿದೆವು. ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಗೋಡೆಯಾಚೆ ಗಿರಣಿಯ ಮೋಟಾರು, ಅದೇ ಮನೆಯ ಕರೆಂಟು, ಅದೇ ಅರ್ತಿಂಗು, ಎಲ್ಲ ಸೇರಿ ವೈರಿನೊಳಗೆ ಹರಿಯುತ್ತಿತ್ತು. ನಾನು ಯಾವಾಗಲೋ ಆಸೆಗೆ ತರಿಸಿ ಡಬ್ಬ ಬಿಚ್ಚದೆ ಇಟ್ಟಿದ್ದ ಹೊರಗಿನ ಸೌಂಡ್ ಕಾರ್ಡಿನ ಪೆಟ್ಟಿಗೆ ಒಂದಿತ್ತು. ಬೆಂಕಿಪೊಟ್ಟಣ ಎರಡು ಜೋಡಿಸಿದಷ್ಟು ದೊಡ್ಡದು. ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ ರೇಡಿಯೋ, ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರು ಕೂತು ಸದ್ದನ್ನು ದಾಟಿಸುತ್ತದೆ, ಕರೆಂಟನ್ನು ದಾಟಿಸುವುದಿಲ್ಲ. ಬುಧವಾರ ಅದನ್ನು ತಂದು ಸಿಕ್ಕಿಸಿದಾಗ ಗುಂಯ್ ನಿಂತುಹೋಯಿತು.

ಆದರೆ ಶಿಳ್ಳೆ ಮಾತ್ರ ರೇಡಿಯೋಗೆ ಹೋಗದೆ ಲ್ಯಾಪ್‌ಟಾಪಿನ ಬಾಯಿಂದಲೇ ಬರುತ್ತಿತ್ತು. ಒಂದು ಗಂಟೆ ತಡಕಾಡಿದೆ. ಕೊನೆಗೆ ಶಿವನಂಜಮ್ಮ ಪರದೆಯ ಮೇಲೆ ಬೆರಳಿಟ್ಟರು. ತಂತ್ರಾಂಶದಲ್ಲಿ ಎರಡು ಸೌಂಡ್ ಕಾರ್ಡಿನ ಹೆಸರಿದ್ದವು, ನಾನು ಹಳೆಯದನ್ನೇ ಆರಿಸಿ ಕೂತಿದ್ದೆ. ವಿಜ್ಞಾನದ ಮೇಷ್ಟ್ರು.

ಅಷ್ಟರಲ್ಲಿ ಸಿದ್ದಮಲ್ಲಪ್ಪ ಟೀ ತಂದರು. "ಈ ವಯಸ್ಸಲ್ಲಿ ಇವ್ಳ್ಗೆ ಯಾಕೀ ಉಸಾಬ್ರಿ ಅಂತ ಊರೋರು ಕೇಳ್ತಾವ್ರೆ ಮೇಷ್ಟ್ರೇ. ನಾನೇನ್ ಏಳ್ಲಿ?"

ಹೆಂಡತಿ ಸ್ಲೇಟು ಎತ್ತಿದರು: "ನೀವೇನೂ ಏಳ್ಬೇಡಿ. ಕೇಳ್ದೋರ್ನ ನನ್ ತಾವ್ ಕಳ್ಸಿ."

ಗುರುವಾರ ನಾನು ಹುಣಸೂರಿನಲ್ಲಿ ನನ್ನ ರೇಡಿಯೋ ಮುಂದೆ ಕೂತೆ, ಆಕೆ ಬಿಳಿಕೆರೆಯಿಂದ ಕಳಿಸಿದರು. ಕೇಳಿಸಲಿಲ್ಲ ಅಂತ ಯಾರೂ ಅನ್ನಬಾರದು ಎಂದು ನಾನು ಶಿಳ್ಳೆಯ ಮಟ್ಟವನ್ನು ತುದಿಯವರೆಗೆ ಏರಿಸಿ ಬಂದಿದ್ದೆ. ಪರದೆಯ ಮೇಲೆ ಬರೀ ಕಸ ಬಂತು. ಒಂದು ಅಕ್ಷರವೂ ನೆಟ್ಟಗಿಲ್ಲ, ಸಣ್ಣ ಗೆರೆಯಾಗಿ ಕಾಣಬೇಕಾದ ಶಿಳ್ಳೆ ಅಗಲವಾಗಿ ಹರಡಿಕೊಂಡಿತ್ತು. ಸಿದ್ದಮಲ್ಲಪ್ಪನವರ ಫೋನಿಗೆ ಕರೆ ಮಾಡಿ, ಆಗುತ್ತಿಲ್ಲ, ಏನೋ ಕೆಟ್ಟಿದೆ ಅಂದೆ. ಭಾನುವಾರಕ್ಕೆ ಮೂರೇ ದಿನ ಇತ್ತು.

ಆಚೆಯಿಂದ ಸಿದ್ದಮಲ್ಲಪ್ಪ ಸ್ಲೇಟು ಓದಿದರು. "ಕಲ್ಲು ಬಿಗಿಯಾಗೈತೆ, ಇಟ್ಟು ಸೀದೋಯ್ತಾ ಐತೆ, ಅಂತ ಬರ್ದವ್ಳೆ. ಅಂಗಂದ್ರೇನು ಮೇಷ್ಟ್ರೇ?"

ಅಂಗಂದ್ರೇನು ಅಂತ ನನಗೆ ತಕ್ಷಣ ಹೊಳೆಯಿತು. ಗಿರಣಿಯ ಎರಡು ಕಲ್ಲನ್ನು ಅತಿಯಾಗಿ ಬಿಗಿ ಮಾಡಿದರೆ ಹಿಟ್ಟು ನುಣ್ಣಗಾಗುವುದಿಲ್ಲ, ಕಾದು ಕರಕಲು ವಾಸನೆ ಬರುತ್ತದೆ. ಆಕೆ ಮೂವತ್ತು ವರ್ಷ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಕಲ್ಲಿನ ಸದ್ದು ಕೇಳಿ ಸಡಿಲಿಸಿದವರು. ರೇಡಿಯೋದಲ್ಲಿ ಮಟ್ಟ ತೋರಿಸುವ ಮುಳ್ಳು ಬಲಕ್ಕೆ ಬಗ್ಗಿ ನಿಂತಿದ್ದನ್ನು ನೋಡಿ, ಶಿಳ್ಳೆಯ ಮಟ್ಟವನ್ನು ಕಾಲು ಭಾಗಕ್ಕೆ ಇಳಿಸಿದರು. ನನ್ನ ಪರದೆಯ ಮೇಲೆ ಅಗಲ ಗೆರೆ ಸಣ್ಣಗಾಯಿತು. ಅಕ್ಷರಗಳು ಬಂದವು: "ಈಗ ನೋಡಿ ಮೇಷ್ಟ್ರೆ. ನುಣ್ಣಗೈತಾ."

ಆ ಸಾಲನ್ನು ಗಟ್ಟಿಯಾಗಿ ಓದಿಕೊಂಡೆ. ಕಣ್ಣಲ್ಲಿ ನೀರು ಬಂತು. ಅದು ಶಿವನಂಜಮ್ಮನವರ ದನಿಯೇ.

ಭಾನುವಾರ ಎಂಟಕ್ಕೆ ಹಾಜರಿ ಶುರುವಾಯಿತು. ರುದ್ರಸ್ವಾಮಿ ಆಕೆಯ ಸಂಕೇತವನ್ನು ಸರಸರನೆ ಓದಿ, "ಉತ್ತರವಿಲ್ಲ, ಮುಂದೆ" ಅನ್ನುವಷ್ಟರಲ್ಲಿ ಶಿಳ್ಳೆ ಎದ್ದಿತು.

"ಯಾರದು? ಇದು ಮಾತಿನ ಹಾಜರಿ. ಶಿಳ್ಳೆ ನಿಲ್ಲಿಸಿ."

ಈ ಸಲ ನಾನು ಗುಂಡಿ ಒತ್ತಿದೆ. "ಅದು ಶಿವನಂಜಮ್ಮನೋರ ಹಾಜರಿ ಸಾರ್. ನನ್ನ ಕಂಪ್ಯೂಟರಲ್ಲಿ ಅಕ್ಷರ ಬರ್ತಾ ಇದೆ. ಅವರ ಸಂಕೇತ ಪೂರ್ತಿ ಬಂದಿದೆ."

"ಸಂಕೇತ ಯಾರು ಬೇಕಾದ್ರೂ ಟೈಪ್ ಮಾಡಬಹುದು ಮೇಷ್ಟ್ರೇ. ನೀವೇ ಮಾಡಿರಬಹುದು. ಅದು ಅವರೇ ಅಂತ ನಾನು ಹೇಗೆ ನಂಬಲಿ? ಅಕ್ಷರಕ್ಕೆ ದನಿ ಇರುತ್ತಾ?"

ಬಿಳಿಕೆರೆಯಲ್ಲಿ ಆಕೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಶಿಳ್ಳೆ ಮತ್ತೆ ಎದ್ದಿತು. ಒಂದೊಂದೇ ಅಕ್ಷರ ಬಂದು ಸಾಲು ಮುಗಿದ ಮೇಲೆ ನಾನು ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದೆ.

"ಊಂ ಕಣ್ರೀ, ಅದೇ ಓಟ್ಲು. ಇಡ್ಲಿ ಬಿಸಿ ಐತೆ, ಬನ್ನಿ."

ಪಿರಿಯಾಪಟ್ಟಣದಿಂದ ಯಾರೋ ನಕ್ಕರು. ಕೆ.ಆರ್. ನಗರದಿಂದ ಇನ್ನೊಬ್ಬರು, ಎಚ್.ಡಿ. ಕೋಟೆಯಿಂದ ಮತ್ತೊಬ್ಬರು, "ಅವರೇ ಸಾರ್, ಓಟ್ಲಮ್ಮನೇ, ಬರ್ಕೊಳ್ಳಿ" ಅಂದರು. ಮೊದಲ ಭಾನುವಾರದ ನಗುವೇ ಬೇರೆ, ಇದೇ ಬೇರೆ. ರುದ್ರಸ್ವಾಮಿ "ಹಾಜರು" ಅಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಶಿಳ್ಳೆ ನಿಲ್ಲಲಿಲ್ಲ. ಹಾಜರಿ ಹೇಳಿದವರು ಯಾರು ಬೇಕಾದರೂ ಮುಂದಿನ ವಾರ ಹಾಜರಿ ಕರೆಯುವ ಸರದಿ ಕೇಳಬಹುದು ಅಂತ ನಿಯಮದ ಪುಸ್ತಕದಲ್ಲೇ ಇದೆ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಪರದೆಯ ಮೇಲೆ ಬಂದದ್ದನ್ನು ನಾನು ಮೈಕಿನಲ್ಲಿ ಓದಿದೆ: "ಮುಂದಿನ್ ವಾರ ಆಜ್ರಿ ನಾನ್ ಕರೀತೀನಿ. ನಿಯಮ ಐತೆ."

ನಿಯಮ ಬರೆದವರಿಗೆ ಬೇರೆ ದಾರಿ ಇರಲಿಲ್ಲ. ಆ ವಾರವೆಲ್ಲ ನನ್ನ ಫೋನಿಗೆ ಬಿಡುವಿಲ್ಲ. ತಂತ್ರಾಂಶ ಯಾವುದು, ಫೋನಿಗೂ ಬರುತ್ತಾ, ರೇಡಿಯೋ ಪಕ್ಕ ಇಟ್ಟರೆ ಸಾಕಾ ಅಂತ ಎಲ್ಲರೂ ಕೇಳಿದರು. ತಮ್ಮ ಹೆಸರು ಕರೆದದ್ದು ಗೊತ್ತಾಗಬೇಕಲ್ಲ. ಶನಿವಾರ ರುದ್ರಸ್ವಾಮಿಯವರೂ ಕೇಳಿದರು. ಹೇಳಿಕೊಟ್ಟೆ.

ಭಾನುವಾರ ಎಂಟಕ್ಕೆ ಸರಿಯಾಗಿ ಶಿಳ್ಳೆ ಎದ್ದು, ಮೂವತ್ತು ಮನೆಗಳ ಪರದೆಯ ಮೇಲೆ ಒಂದೊಂದೇ ಸಂಕೇತ ಮೂಡಿತು. ಕರೆದವರು ಬಾಯಲ್ಲಿ ಉತ್ತರ ಹೇಳಿದರು, ಶಿವನಂಜಮ್ಮ ಪ್ರತಿಯೊಬ್ಬರಿಗೂ "ಆಜ್ರು" ಅಂತ ಟೈಪ್ ಮಾಡಿದರು. ಕೊನೆಯಲ್ಲಿ ರುದ್ರಸ್ವಾಮಿಯವರ ಸಂಕೇತ ಬಂತು. ಅವರು ಎಂದಿನಂತೆ ಅಕ್ಷರಕ್ಕೊಂದು ಪದ ಹೇಳಿ, "ಹೋಟೆಲ್" ಅಂತ ಮುಗಿಸಿದರು.

"ಕೊನೆ ಅಕ್ಷರ ತಿಳೀಲಿಲ್ಲ. ಇನ್ನೊಂದ್ಸಲ ಏಳಿ."

"ಹೋಟೆಲ್" ಅಂದರು ರುದ್ರಸ್ವಾಮಿ, ಇನ್ನಷ್ಟು ಸ್ಪಷ್ಟವಾಗಿ.

"ತಿಳೀಲಿಲ್ಲ. ಇನ್ನೊಂದ್ಸಲ ಏಳಿ."

ಆಕೆಯ ಕಿವಿ ಎಷ್ಟು ಚುರುಕು ಅಂತ ನಮಗೆಲ್ಲ ಗೊತ್ತು. ಎಲ್ಲರೂ ಕಾದೆವು. ಮೈಸೂರಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಓಟ್ಲು" ಅಂದರು ರುದ್ರಸ್ವಾಮಿ.

ಪರದೆಯ ಮೇಲೆ ಅಕ್ಷರಗಳು ನಿಧಾನವಾಗಿ ಮೂಡಿದವು: "ಈಗ್ ಕೇಳುಸ್ತು. ಆಜ್ರು."